ಭಾವ ಹುಡುಕಿಕೊಟ್ಟ ಗಿಟಾರು

ಭಾವನ ಎಡಗೈಯ ಬೆರಳ ತುದಿಗಳು ಸುಟ್ಟ ಗೇರುಬೀಜದ ಹಾಗೆ ಕಪ್ಪಾಗಿ ಗಟ್ಟಿಯಾಗಿದ್ದವು. ಒಲೆಯಿಂದ ಉರುಳಿ ಬಿದ್ದ ಕೆಂಡವನ್ನು ಅವರು ಎರಡು ಬೆರಳಲ್ಲಿ ಎತ್ತಿ ಮತ್ತೆ ಒಲೆಗೆ ಹಾಕುತ್ತಿದ್ದರು, ಆಡುತ್ತಿದ್ದ ಮಾತನ್ನು ನಿಲ್ಲಿಸದೆ. ಇಪ್ಪತ್ತೈದು ವರ್ಷ ರಬ್ಬರ್ ಮರಗಳನ್ನು ಕೆರೆದ ಕೈ ಅದು. ಬಲಗೈಯಲ್ಲಿ ಕತ್ತಿ. ಹಿಂದಿನ ಸಲದ ಗಾಯದ ಮೇಲೆ ಒಣಗಿ ಅಂಟಿಕೊಂಡ ರಬ್ಬರ್ ಹಾಲಿನ ಎಳೆಯನ್ನು ಒಂದೇ ಎಳೆತಕ್ಕೆ ಕಿತ್ತು ತೆಗೆಯುವುದು ಎಡಗೈಯ ಕೆಲಸ. ದಿನಕ್ಕೆ ಮುನ್ನೂರು ಮರ, ಮುನ್ನೂರು ಎಳೆ. ಆ ಬೆರಳುಗಳನ್ನು ಕಂಡು ನಾನು ಒಂದು ದಿನ ಹೊಟ್ಟೆಕಿಚ್ಚು ಪಡುತ್ತೇನೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಭಾವ ನನ್ನ ಅಕ್ಕನ ಗಂಡ. ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಕಕ್ಕಿಂಜೆಯ ಹತ್ತಿರ ಅವರ ಮನೆ, ಮನೆಯ ಹಿಂದಿನ ಗುಡ್ಡದಲ್ಲಿ ರಬ್ಬರು. ನಾನು ನರಿಕೊಂಬಿನವನು. ಬಂಟ್ವಾಳ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಭಾವ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಮ್ಮ ಮನೆಯಲ್ಲಿ ಓದಿದವನೆಂದರೆ ನಾನೇ. ಆದರೆ ಬಾವಿಯ ಪಂಪು ನೀರೆತ್ತದಿದ್ದರೆ ಅಮ್ಮ ಫೋನು ಮಾಡುತ್ತಿದ್ದದ್ದು ಕಕ್ಕಿಂಜೆಗೆ. ಹಲಸಿಗೆ ಕಸಿ ಕಟ್ಟಬೇಕೆಂದರೆ ಭಾವ, ಮಾಡಿನಲ್ಲಿ ಜೇನು ಕೂತರೆ ಭಾವ. ನಾನು ಮೊದಲ ಸಂಬಳದ ದುಡ್ಡು ಕೂಡಿಸಿ ಹಳೆಯ ಬೈಕೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಅಪ್ಪ ಅದರ ಸುತ್ತ ಒಂದು ಸುತ್ತು ಬಂದು ಕೇಳಿದ್ದು ಒಂದೇ ಮಾತು: "ಭಾವ ನೋಡಿದ್ದಾರಾ?"

ಅವರು ಬರುವ ದಿನ ಅಮ್ಮ ಕೋರಿರೊಟ್ಟಿಗೆ ಊರಕೋಳಿಯನ್ನೇ ತರಿಸುತ್ತಿದ್ದಳು. ನನಗಾದರೆ ಇದ್ದದ್ದರಲ್ಲಿ ಊಟ. ಮಗನಿಗೆ ಮನೆಯಲ್ಲಿ ಅಷ್ಟೇ ಅಲ್ಲವೇ, ಅಳಿಯನೆಂದರೆ ಬೇರೆ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಆದರೂ ತಟ್ಟೆಯ ಮುಂದೆ ಕೂತಾಗ ಕಣ್ಣು ಅವರ ತಟ್ಟೆಗೆ ಹೋಗುತ್ತಿತ್ತು.

ನನ್ನದು ಎನ್ನುವ ಹಾಗೆ, ಭಾವನಿಗೆ ಏನೂ ಗೊತ್ತಿಲ್ಲದ ಸಂಗತಿಯೊಂದು ನನ್ನ ಬಳಿ ಇತ್ತು. ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ನಾನು ಗಿಟಾರು ನುಡಿಸುತ್ತಿದ್ದೆ. ಮಹಾ ಏನೂ ಅಲ್ಲ, ನಾಲ್ಕಾರು ಕಾರ್ಡು, ಅಂದರೆ ಸ್ವರಗಳ ಗುಂಪು, ಹಿಡಿದು ಸಿನಿಮಾ ಹಾಡಿಗೆ ಜೊತೆ ಕೊಡುವಷ್ಟು. ಆದರೆ ಕಾಲೇಜು ಡೇ ದಿನ ನಾಲ್ಕು ಜನ ಗುರುತು ಹಿಡಿಯುವಷ್ಟು ಹೆಸರಿತ್ತು. ಆಮೇಲೆ ಕೆಲಸ, ಮದುವೆ, ಮಗಳು. ಗಿಟಾರನ್ನು ಅಟ್ಟದ ಮೇಲೆ ಹಾಕಿದ್ದೆ. ಒಂದು ಮಳೆಗಾಲ ಕಳೆದು ನೋಡಿದಾಗ ಅದರ ಬೆನ್ನನ್ನು ಗೆದ್ದಲು ತಿಂದಿತ್ತು. ಆ ದಿನ ನನಗೆ ಬೇಸರವೂ ಆಗಲಿಲ್ಲ. ಅದು ಈಗ ನೆನೆಸಿದರೆ ಬೇಸರ.

ನಲವತ್ತಮೂರನೇ ವಯಸ್ಸಿನಲ್ಲಿ ಮೂಡುಬಿದಿರೆಯಲ್ಲಿ ಹಳೆಯ ಸಹಪಾಠಿಗಳೆಲ್ಲ ಸೇರಿದೆವು. ಊಟವಾದ ಮೇಲೆ ಯಾರೋ ತಮ್ಮ ಮಗನ ಗಿಟಾರನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಒಂದು ಹಾಡಿನ ಅರ್ಧಕ್ಕೆ ನನ್ನ ಬೆರಳು ನಿಂತುಹೋಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಎಡಗೈಯ ಬೆರಳ ತುದಿ ಚುರುಚುರು ಎನ್ನುತ್ತಿತ್ತು. ಆ ಉರಿ ಎಷ್ಟೋ ವರ್ಷಗಳ ಮೇಲೆ ಸಿಕ್ಕಿದ ಪರಿಚಯದವರ ಹಾಗೆ ಹಿತವಾಗಿತ್ತು. ಒಂದು ಗಿಟಾರು ಕೊಳ್ಳಬೇಕೆಂದು ಬಂಟ್ವಾಳ ಮುಟ್ಟುವಷ್ಟರಲ್ಲಿ ನಿಶ್ಚಯಿಸಿದ್ದೆ.

ಹೆಂಡತಿ ಬೇಡವೆನ್ನಲಿಲ್ಲ. "ಐದು ಸಾವಿರದ ಒಳಗೆ ಸಿಕ್ಕಿದರೆ ತೆಗೆದುಕೊಳ್ಳಿ. ಮಗಳ ಕಾಲೇಜು ಉಂಟು, ನೆನಪಿಟ್ಟುಕೊಳ್ಳಿ" ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. "ಭಾವನನ್ನು ಕರ್ಕೊಂಡು ಹೋಗಿ. ಅವರಿಗೆ ಮರದ ವಿಷಯ ಗೊತ್ತುಂಟು" ಎಂದು ಸೇರಿಸಿದಳು. ಅಕ್ಕನಿಗೆ ಫೋನು ಮಾಡಿದವಳೂ ಅವಳೇ.

ಮಂಗಳೂರಿನ ಸಂಗೀತ ವಾದ್ಯಗಳ ಅಂಗಡಿಗೆ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಅವರಿಗೊಂದು ಅಭ್ಯಾಸವಿತ್ತು. ಯಾವ ವಸ್ತುವನ್ನೇ ಆಗಲಿ ಮೊದಲು ಮೂಸಿ ನೋಡುವುದು. ಅಕ್ಕಿ, ಹಗ್ಗ, ಹೊಸ ಕೊಡೆ, ಏನಾದರೂ ಸರಿ. ಅಂಗಡಿಯಲ್ಲಿ ಗೋಡೆಯಿಂದ ಇಳಿಸಿಕೊಟ್ಟ ಗಿಟಾರಿನ ಹೊಟ್ಟೆಯ ತೂತಿಗೆ ಮೂಗಿಟ್ಟು ಎಳೆದು ಉಸಿರು ತೆಗೆದುಕೊಂಡರು. ಆಮೇಲೆ ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಬಡಿದರು. ನನಗೆ ನಾಚಿಕೆಯಾಗಿ ಅತ್ತ ತಿರುಗಿದೆ.

"ಇದು ಪ್ಲೈವುಡ್" ಎಂದರು.

ಅಂಗಡಿಯವರು, "ಈ ರೇಟಿಗೆ ಎಲ್ಲಾ ಹೀಗೇ ಬರುವುದು ಸರ್. ಮುಂಭಾಗ ಗಟ್ಟಿ ಮರದ್ದು ಬೇಕಾದರೆ ಹನ್ನೆರಡು ಸಾವಿರದಿಂದ ಮೇಲೆ" ಎಂದರು.

"ಪ್ಲೈವುಡ್ ಕೆಟ್ಟದ್ದು ಅಂತ ನಾನು ಹೇಳಲಿಲ್ಲ. ಅಂಟಿನ ವಾಸನೆ ಇನ್ನೂ ಹೋಗಲಿಲ್ಲ. ಒಂದು ಮಳೆಗಾಲ ಕಳೆಯಲಿಕ್ಕೆ ಬೇಕಿತ್ತು ಇದು" ಎಂದು ಭಾವ ಅದನ್ನು ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ನಾಲ್ಕೂವರೆ ಸಾವಿರದ ಇನ್ನೊಂದು ನನಗೆ ಹಿಡಿಸಿತ್ತು. ಕಪ್ಪು ಬಣ್ಣ, ನೋಡಲಿಕ್ಕೆ ಚಂದ. ಆದರೆ ಅದರ ತಂತಿಗಳು ಕುತ್ತಿಗೆಯಿಂದ ಎಷ್ಟು ಮೇಲಿದ್ದವೆಂದರೆ ಒತ್ತಿ ಹಿಡಿಯುವಷ್ಟರಲ್ಲಿ ನನ್ನ ಬೆರಳು ಬಿಳುಪೇರಿತು. ಭಾವ ಅದೇ ತಂತಿಯನ್ನು ಒತ್ತಿ ನೋಡಿ, "ನೋವಾಗುವುದಿಲ್ಲವಲ್ಲ?" ಎಂದು ನನ್ನ ಮುಖ ನೋಡಿದರು. ಅವರಿಗೆ ನೋವಾಗಲಿಲ್ಲ.

ಮುಂದಿನ ವಾರ ಬೆಳ್ತಂಗಡಿಯಲ್ಲಿ ಒಬ್ಬರು ಹಳೆಯದು ಮಾರುತ್ತಾರೆಂದು ಗೊತ್ತಾಗಿ ಹೋದೆವು. ಭಾವ ಒಂದು ಕಣ್ಣು ಮುಚ್ಚಿ ಹಲಗೆಯ ನೇರ ನೋಡುವ ಹಾಗೆ ಕುತ್ತಿಗೆಯ ಉದ್ದಕ್ಕೂ ನೋಡಿ ಬೇಡವೆಂದು ತಲೆ ಆಡಿಸಿದರು. ಹೊರಗೆ ಬಂದ ಮೇಲೆ, "ಅದಕ್ಕೆ ಕುತ್ತಿಗೆ ಉಳುಕಿದೆ ಮಾರಾಯ. ದಿನಾ ತಲೆನೋವು" ಎಂದರು. ಎರಡು ಆದಿತ್ಯವಾರ ವ್ಯರ್ಥವಾಯಿತೆಂದು ನಾನು ಗೊಣಗಿದೆ. "ಅವಸರ ಎಂಥದಕ್ಕೆ? ಇಪ್ಪತ್ತು ವರ್ಷ ಬಿಟ್ಟವನಿಗೆ ಇಪ್ಪತ್ತು ದಿನ ಆಗುವುದಿಲ್ಲವಾ?" ಎಂದು ನಕ್ಕರು. ಅವರ ಮಾತು ಸರಿಯಾಗಿರುತ್ತಿತ್ತು. ಅದೇ ನನಗೆ ಸಹಿಸಲು ಕಷ್ಟ.

ಕೊನೆಗೆ ಸಿಕ್ಕಿದ್ದು ತೋಡಾರಿನಲ್ಲಿ. ಅಲ್ಲಿ ಒಬ್ಬ ವಯಸ್ಸಾದ ಕ್ರಿಶ್ಚಿಯನ್ ಬಾಯಮ್ಮನ ಮನೆಯಲ್ಲಿ ಗಿಟಾರು ಉಂಟೆಂದು ನಮ್ಮ ಅಂಗಡಿಗೆ ಔಷಧಿಗೆ ಬರುವವರೊಬ್ಬರು ಹೇಳಿದ್ದರು. ಆಕೆಯ ಗಂಡ ಇಗರ್ಜಿಯಲ್ಲಿ ಹಾಡು ಕಲಿಸುತ್ತಿದ್ದವರು, ತೀರಿಹೋಗಿ ಆರು ವರ್ಷ. ಆಕೆ ಮಂಚದ ಅಡಿಯಿಂದ ಪೆಟ್ಟಿಗೆಯನ್ನು ಎಳೆದು ತೆರೆದರು. ಜೇನಿನ ಬಣ್ಣದ ಹಳೆಯ ಗಿಟಾರು. ಒಂದು ತಂತಿಯನ್ನು ಬಿಗಿಯುವ ಬಿರಡೆ ಇರಲಿಲ್ಲ. ತಂತಿಗಳನ್ನು ಕಟ್ಟುವ ಮರದ ತುಂಡು ಹಿಂಬದಿಯಲ್ಲಿ ಉಗುರು ಹೋಗುವಷ್ಟು ಎದ್ದಿತ್ತು. ನಾನು ಬೇಡವೆಂದು ಕಣ್ಣಲ್ಲಿ ಸನ್ನೆ ಮಾಡಿದೆ. ಭಾವ ಆಗಲೇ ಮೂಗು ಇಟ್ಟಾಗಿತ್ತು.

"ಇದು ಮರ" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಾಯಮ್ಮ ಭಾವನ ಎಡಗೈಯನ್ನೇ ನೋಡುತ್ತಿದ್ದರು. "ನೀವು ತುಂಬಾ ವರ್ಷದಿಂದ ನುಡಿಸುವವರು ಅಲ್ವಾ? ಬೆರಳು ನೋಡಿದರೆ ಗೊತ್ತಾಗ್ತದೆ. ನಮ್ಮವರದ್ದೂ ಹೀಗೇ ಇತ್ತು."

"ಇಲ್ಲ ಬಾಯಮ್ಮ, ನುಡಿಸುವವ ಇವನು. ನಾನು ರಬ್ಬರಿನವ" ಎಂದರು ಭಾವ.

ಆಕೆಯ ಕಣ್ಣು ನನ್ನ ಬೆರಳುಗಳತ್ತ ತಿರುಗಿತು. ಮಾತ್ರೆ ಎಣಿಸುವ ಬೆರಳುಗಳು ನನ್ನವು. ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಆಕೆ ನಾಲ್ಕು ಸಾವಿರ ಕೇಳಿದರು. ಚೌಕಾಸಿ ಮಾಡುತ್ತಾರೆಂದು ನಾನು ಭಾವನತ್ತ ನೋಡಿದರೆ ಅವರು ಆಕೆಯ ಅಡುಗೆಮನೆಯ ಬಾಗಿಲು ನೆಲಕ್ಕೆ ಉಜ್ಜುವುದನ್ನು ಕಂಡು ಬಿಜಾಗರಿಯ ತಿರುಪು ಬಿಗಿ ಮಾಡಲು ಕೂತಿದ್ದರು. ಗೇಟು ದಾಟಿದ ಮೇಲೆ ನಾನು ಕೇಳಿದ್ದಕ್ಕೆ, "ಆರು ವರ್ಷ ಮಂಚದ ಅಡಿಯಲ್ಲಿ ಇಟ್ಟುಕೊಂಡವರ ಹತ್ತಿರ ಎಂಥ ಚೌಕಾಸಿ?" ಎಂದರು.

ರಿಪೇರಿ ತಾನೇ ಮಾಡುತ್ತೇನೆಂದು ಭಾವ ಗಿಟಾರನ್ನು ಕಕ್ಕಿಂಜೆಗೆ ಒಯ್ದರು. ಎದ್ದಿದ್ದ ಮರದ ತುಂಡಿಗೆ ಅಂಟು ಹಾಕಿ, ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಗಿಟಾರಿನ ಸುತ್ತ ಬಿಗಿದು ನಾಲ್ಕು ದಿನ ಇಟ್ಟರಂತೆ. ತಂತಿಗಳು ಕುಳಿತುಕೊಳ್ಳುವ ಪ್ಲಾಸ್ಟಿಕ್ ಪಟ್ಟಿ ಸವೆದಿತ್ತು. ಹಳೆಯ ಚೂರಿಯೊಂದರ ಹಿಡಿಯಲ್ಲಿದ್ದ ಕೋಣದ ಕೊಂಬಿನಿಂದ ಹೊಸದನ್ನು ಕತ್ತರಿಸಿ, ದಿನಕ್ಕೆ ಒಂದು ಕೂದಲೆಳೆಯಷ್ಟು ಅರದಿಂದ ಉಜ್ಜಿ, ತಂತಿಗಳನ್ನು ಬೇಕಾದ ಎತ್ತರಕ್ಕೆ ಇಳಿಸಿದರು. ಬಿರಡೆಯನ್ನು ಮಂಗಳೂರಿನಿಂದ ತರಿಸಿದರು. ಇದೆಲ್ಲ ಅಕ್ಕ ಫೋನಿನಲ್ಲಿ ಹೇಳಿದ್ದು. ಹೇಗೆ ಶ್ರುತಿ ಮಾಡುವುದೆಂದು ಮೊಬೈಲಿನಲ್ಲಿ ನೋಡಿ ಕಲಿತರು ಎಂದೂ ಹೇಳಿದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಒಯ್ದ ಇಪ್ಪತ್ತನಾಲ್ಕನೇ ದಿನ ಮಧ್ಯಾಹ್ನ ಅದನ್ನು ತರಲು ಹೋದೆ. ಅಂಗಳದ ತುಂಬ ರಬ್ಬರ್ ಶೀಟುಗಳನ್ನು ಒಣಗಲು ಹಾಕಿದ್ದರು. ಅವುಗಳ ಹುಳಿವಾಸನೆಯ ನಡುವೆ ಗಿಟಾರಿನ ಸ್ವರ ಕೇಳಿತು. ರೇಡಿಯೋ ಇರಬೇಕೆಂದುಕೊಂಡೆ. ಹಿಂಬದಿಯ ಜಗಲಿಗೆ ಬಂದಾಗ ಭಾವ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನುಡಿಸುತ್ತಿದ್ದರು. ದಪ್ಪ ತಂತಿಯ ಮೇಲೆ ಹೆಬ್ಬೆರಳು ನಿಧಾನವಾಗಿ ಹೆಜ್ಜೆ ಹಾಕುತ್ತಿತ್ತು, ಅದರ ಮೇಲೆ ಇನ್ನೊಂದು ಸ್ವರ ನಡೆಯುತ್ತಿತ್ತು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಹಾಡುವ ಪದ. ನಾನು ಸಣ್ಣವನಿದ್ದಾಗ ಕೇಳಿದ್ದೆ, ಮರೆತೂ ಬಿಟ್ಟಿದ್ದೆ.

ನಾನು ನಿಂತೇ ಇದ್ದೆ. ಕಾಲೇಜಿನ ನಾಲ್ಕು ವರ್ಷದಲ್ಲಿ ನಾನು ನುಡಿಸಿದ್ದೆಲ್ಲವೂ ಬೇರೆಯವರ ಹಾಡಿನ ಹಿಂದೆ ಓಡುವುದಾಗಿತ್ತು. ಈ ಮನುಷ್ಯ ಇಪ್ಪತ್ತನಾಲ್ಕು ದಿನದಲ್ಲಿ ಗಿಟಾರಿನ ಬಾಯಿಂದ ಮಾತಾಡಿಸುತ್ತಿದ್ದಾರೆ.

ಕಣ್ಣು ತೆರೆದವರು ನನ್ನನ್ನು ಕಂಡು ತಪ್ಪು ಮಾಡಿದವರ ಹಾಗೆ ಗಿಟಾರನ್ನು ಕೆಳಗಿಟ್ಟರು. "ಸರಿಯಾಗಿದೆಯಾ ಅಂತ ನೋಡಬೇಕಲ್ಲ, ಅದಕ್ಕೆ" ಎಂದರು. "ಇದಕ್ಕೆ ಎಂಥ ಹೆಸರು ಅಂತ ನನಗೆ ಗೊತ್ತಿಲ್ಲ. ಇಲ್ಲಿ ಬೆರಳಿಟ್ಟರೆ ಅಮ್ಮನ ಸ್ವರ ಬರ್ತದೆ. ನಾನು ಹದಿನಾರು ವರ್ಷದವ ಇದ್ದಾಗ ಹೋದದ್ದು ಅವಳು. ಸ್ವರ ಮರೆತಿದೆ ಅಂತ ಮಾಡಿದ್ದೆ. ಬೆರಳಿಗೆ ಗೊತ್ತಿತ್ತು ನೋಡು."

ಅಕ್ಕ ಚಹಾ ತಂದಿಟ್ಟು, "ಇನ್ನೊಂದು ವಾರ ಇಲ್ಲೇ ಇರಲಿ. ಮಧ್ಯಾಹ್ನ ಮಲಗುವುದನ್ನೇ ಬಿಟ್ಟಿದ್ದಾರೆ" ಎಂದು ನಕ್ಕಳು.

"ಇಲ್ಲ, ನನಗೆ ಅಭ್ಯಾಸ ಶುರು ಮಾಡಬೇಕು" ಎಂದೆ. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಭಾವ ಬಸ್ ಸ್ಟಾಪಿನವರೆಗೆ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಬಂದರು.

ಆ ಮೇಲಿನ ಐದು ತಿಂಗಳು ನಾನು ನುಡಿಸಿದಷ್ಟು ಕಾಲೇಜಿನಲ್ಲೂ ನುಡಿಸಿರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಒಂದು ಗಂಟೆ, ಸಂಜೆ ಬಂದು ಒಂದು ಗಂಟೆ. ಪ್ರೀತಿಯಿಂದಲ್ಲ, ಮತ್ಸರದಿಂದ. ಆ ಪದವನ್ನೇ ಹುಡುಕುತ್ತಿದ್ದೆ. ಸ್ವರ ಸಿಕ್ಕಿದರೆ ನಡೆ ಸಿಗುತ್ತಿರಲಿಲ್ಲ. ಬೆರಳ ತುದಿ ಬೊಬ್ಬೆ ಬಂದು ಒಡೆದು ಅಂಗಡಿಯಲ್ಲಿ ಮಾತ್ರೆಯ ಸ್ಟ್ರಿಪ್ಪು ಕತ್ತರಿಸುವಾಗ ಉರಿಯುತ್ತಿತ್ತು. ಮಗಳು ಒಂದು ದಿನ, "ಅಪ್ಪ, ನೀವು ಯಾರ ಹತ್ತಿರವೋ ಜಗಳ ಮಾಡಿದ ಹಾಗೆ ನುಡಿಸ್ತೀರಿ" ಎಂದಳು.

ಭಾವ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಮೊದಲು ಅಮ್ಮನ ಸುದ್ದಿ, ಆಮೇಲೆ ಮಳೆಯ ಸುದ್ದಿ, ಕೊನೆಗೆ, "ಗಿಟಾರು ಹೇಗುಂಟು?" ನನ್ನದು ಒಂದೇ ಉತ್ತರ: "ಉಂಟು." ದೀಪಾವಳಿಗೆ ಮೊದಲು ಅಕ್ಕ ಫೋನು ಮಾಡಿ, ಹಬ್ಬಕ್ಕೆ ಬರುವಾಗ ಗಿಟಾರು ತಾ, ಎರಡು ದಿನ ಇಟ್ಟುಕೊಳ್ಳುತ್ತಾರಂತೆ, ಕೇಳಲಿಕ್ಕೆ ಅವರಿಗೆ ನಾಚಿಕೆ ಎಂದಳು.

"ಅದು ಹಾಳಾಗಿದೆ ಅಕ್ಕ. ರಿಪೇರಿಗೆ ಮಂಗಳೂರಿಗೆ ಕೊಟ್ಟಿದ್ದೇನೆ" ಎಂದೆ. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ, ಬಾಯಿಗೆ ಬಂದದ್ದು. ಹೇಳಿ ಫೋನು ಇಟ್ಟ ಮೇಲೆ ಗಿಟಾರನ್ನು ಎತ್ತಿಕೊಂಡು ನುಡಿಸಿದೆ.

ಹಬ್ಬ ಕಳೆದು ಒಂದು ವಾರಕ್ಕೆ ಭಾವ ಹೇಳದೆ ನರಿಕೊಂಬಿಗೆ ಬಂದರು. ಅಮ್ಮನಿಗೆ ಕಾಲುನೋವೆಂದು ಯಾವುದೋ ಬೇರಿನ ಎಣ್ಣೆ ತಂದಿದ್ದರು. ನಾನು ಅಂಗಡಿಯಿಂದ ಬಂದಾಗ ಅವರು ಚಾವಡಿಯಲ್ಲಿ ಕೂತಿದ್ದರು. ಅವರ ಎದುರಿನ ಗೋಡೆಯಲ್ಲಿ ಗಿಟಾರು ತೂಗುತ್ತಿತ್ತು. ಕೊಂಬಿನ ಪಟ್ಟಿ ಸಂಜೆಯ ಬೆಳಕಿಗೆ ಮಿರುಗುತ್ತಿತ್ತು. ಭಾವ ಅದನ್ನು ಇಳಿಸಲಿಲ್ಲ, ಮುಟ್ಟಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ರಿಪೇರಿ ಲಾಯ್ಕ ಆಗಿದೆ ಮಾರಾಯ."

ದನಿಯಲ್ಲಿ ಕೊಂಕು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಆದರೂ ನಾನು, ತೆಗೆದುಕೊಂಡು ಹೋಗಿ ಎನ್ನಲಿಲ್ಲ. ಅಷ್ಟು ನಾಚಿಕೆಯಾದರೂ ಮನುಷ್ಯನಿಗೆ ಕೊಡಲು ಮನಸ್ಸು ಬಾರದೆ ಇರಬಹುದೆಂದು ಆ ದಿನ ತಿಳಿಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಭಾವ ನಮ್ಮ ಅಂಗಡಿಗೆ ಬಂದು ಕೌಂಟರಿನ ಮೇಲೆ ಒಂದು ಚೀಟಿ ಇಟ್ಟರು. ಮಂಗಳೂರಿನ ನರದ ಡಾಕ್ಟರರ ಚೀಟಿ. ಎಂಥ ಅಕ್ಷರವನ್ನಾದರೂ ಓದುವುದು ನನ್ನ ಹೊಟ್ಟೆಪಾಡು. ಮೊದಲ ಸಾಲು ಓದಿದಾಗಲೇ ಗೊತ್ತಾಯಿತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಮಾತ್ರೆ. ತಲೆ ಎತ್ತಿದೆ. ಅವರು ಬಲಗೈಯಿಂದ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಆದರೂ ಚೀಲ ಸಣ್ಣಗೆ ಅಲುಗುತ್ತಿತ್ತು.

"ಎರಡು ತಿಂಗಳಾಯಿತು, ಕತ್ತಿ ಆಳಕ್ಕೆ ಹೋಗ್ತದೆ. ಸಿಪ್ಪೆಯಲ್ಲಿ ನಿಲ್ಲುವುದಿಲ್ಲ, ಮರಕ್ಕೇ ತಾಗ್ತದೆ. ಇಪ್ಪತ್ತೈದು ವರ್ಷದಲ್ಲಿ ಒಂದು ಮರಕ್ಕೆ ಗಾಯ ಮಾಡಿದವನಲ್ಲ ನಾನು. ಈಗ ನೋಡಿದರೆ ಸಾಲಿಗೆ ನಾಲ್ಕು. ಅದಕ್ಕೆ ಡಾಕ್ಟರಲ್ಲಿ ಹೋದದ್ದು" ಎಂದರು. "ಇದು ಎಂಥದಕ್ಕೆ ಕೊಡುವ ಮಾತ್ರೆ?"

"ನರದ ಶಕ್ತಿಗೆ" ಎಂದೆ.

ಇಲ್ಲಿ ನಾನು ಬರೆಯಲೇಬೇಕಾದ ಒಂದು ಸಂಗತಿ ಉಂಟು. ಬರೆಯದಿದ್ದರೆ ಉಳಿದದ್ದು ಬರೆದು ಪ್ರಯೋಜನವಿಲ್ಲ. ಆ ಚೀಟಿ ಓದಿ, ಆ ಅಲುಗುವ ಚೀಲ ನೋಡಿದ ಕೂಡಲೇ ನನ್ನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಇನ್ನು ಅವರು ನನಗಿಂತ ಚೆನ್ನಾಗಿ ನುಡಿಸಲಾರರು ಎಂಬುದು. ಒಂದು ಕ್ಷಣವಷ್ಟೇ ಅದು ಇತ್ತು. ಆದರೆ ಮೊದಲು ಬಂದದ್ದು ಅದೇ. ಆಮೇಲೆ ಮಾತ್ರೆಗಳನ್ನು ಎರಡೆರಡು ಸಲ ಎಣಿಸಿ ಲಕೋಟೆಗೆ ಹಾಕಿಕೊಟ್ಟೆ.

ಆ ಆದಿತ್ಯವಾರ ಗಿಟಾರಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದೆ. ಕಕ್ಕಿಂಜೆಯ ಮನೆಯ ಅದೇ ಜಗಲಿಯಲ್ಲಿ ಪೆಟ್ಟಿಗೆಯನ್ನು ಅವರ ಮುಂದಿಟ್ಟು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತು ಹೋಗಿ, "ಭಾವ, ಅದು ಹಾಳಾಗಿರಲಿಲ್ಲ. ನಾನು ಸುಳ್ಳು ಹೇಳಿದ್ದು. ನನಗೆ ಹೊಟ್ಟೆಕಿಚ್ಚು" ಎಂದೆ.

ಭಾವ ಪೆಟ್ಟಿಗೆಯ ಮುಚ್ಚಳ ತೆರೆದರು. ಆಮೇಲೆ ಅವರ ಮುಖದಲ್ಲಿ ಬಂದದ್ದು ನಗುವೇ. "ಗೊತ್ತುಂಟು. ಆ ದಿನ ಮನೆಗೆ ಬಂದು ನಿನ್ನ ಅಕ್ಕನಿಗೂ ಹೇಳಿದ್ದೆ. ಸತ್ಯ ಹೇಳ್ತೇನೆ, ಎರಡು ದಿನ ನಾನು ಖುಷಿಯಲ್ಲಿ ಇದ್ದೆ ಮಾರಾಯ. ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಡುವವರು ಯಾರಿದ್ದಾರೆ? ಎಂಟನೇ ಕ್ಲಾಸಿನವ ನಾನು. ನೀನು ಇಂಗ್ಲಿಷಿನಲ್ಲಿ ಔಷಧಿ ಓದಿದವ. ನಿನ್ನ ಅಮ್ಮ ಪ್ರತಿಯೊಂದಕ್ಕೂ, ಮಗ ಹೀಗೆ ಹೇಳಿದ, ಮಗ ಹಾಗೆ ಹೇಳಿದ ಅಂತ ನನ್ನ ಹತ್ತಿರ ಹೇಳುವಾಗ ನನಗೆ ಎಷ್ಟು ಸಲ ಆಗಿದೆ ಅದು."

ಅಮ್ಮ ಅವರ ಮುಂದೆ ನನ್ನನ್ನು ಹೊಗಳುತ್ತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.

ಅವರು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಎಡಗೈ ತನ್ನ ಜಾಗಕ್ಕೆ ತಾನೇ ಹೋಯಿತು. ಬಲಗೈ ತಂತಿಯ ಮೇಲೆ ಬಂದು ನಡುಗಿ, ಬೇಡದ ತಂತಿಗಳನ್ನೆಲ್ಲ ಮುಟ್ಟಿತು. ಎರಡು ಮೂರು ಸಲ ಪ್ರಯತ್ನ ಮಾಡಿದರು. ಆಮೇಲೆ ಕೈಯನ್ನು ಕೆಳಗೆ ಬಿಟ್ಟು, "ನೀನು ಇಲ್ಲಿ ಬಾ. ಒತ್ತಿ ಕೂತುಕೋ. ಎಡಗೈ ನಾನು, ಬಲಗೈ ನೀನು" ಎಂದರು.

ಇಬ್ಬರು ದೊಡ್ಡ ಗಂಡಸರು ಒಂದು ಗಿಟಾರಿಗೆ ತೋಳಿಗೆ ತೋಳು ತಾಗಿಸಿ ಕೂತೆವು. ಅಕ್ಕ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಮೊದಲ ದಿನ ಏನೂ ಆಗಲಿಲ್ಲ. ಅವರ ಬೆರಳು ಒಂದು ಕಡೆ, ನನ್ನದು ಇನ್ನೊಂದು ಕಡೆ. "ನೀನು ಮುಂದೆ ಓಡ್ತೀ. ನೇಜಿ ನೆಡುವವರು ಹಿಂದೆ ಹಿಂದೆ ಹೋಗುವುದು ಮಾರಾಯ" ಎನ್ನುತ್ತಿದ್ದರು. ಮೂರನೆಯ ಆದಿತ್ಯವಾರಕ್ಕೆ ಆ ಪದ ಮೊದಲಿಂದ ಕೊನೆಯವರೆಗೆ ಬಂತು. ಅವರ ಎಡಗೈ, ನನ್ನ ಬಲಗೈ. ಅಕ್ಕ ಒಳಗಿನಿಂದ, "ಅತ್ತೆ ಹಾಡಿದ ಹಾಗೇ ಆಯಿತು" ಎಂದಳು. ಅವಳು ಅತ್ತೆಯನ್ನು ನೋಡಿದವಳೇ ಅಲ್ಲ.

ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಅವರ ಎಡಗೈಯೂ ಮಾತು ಕೇಳದಾಯಿತು. ಮರಗಳನ್ನು ಬೇರೆಯವರಿಗೆ ಕೆರೆಯಲು ಕೊಟ್ಟರು. ಬೆರಳ ತುದಿಯ ಕಪ್ಪು ನಿಧಾನಕ್ಕೆ ಸುಲಿದು ಹೋಗಿ ಒಳಗಿನಿಂದ ಮಗುವಿನ ಹಾಗೆ ಕೆಂಪು ಚರ್ಮ ಬಂತು. ಅದನ್ನು ಅವರೇ ತೋರಿಸಿ, "ನೋಡು, ನನಗೂ ಈಗ ಫಾರ್ಮಸಿಸ್ಟನ ಕೈ" ಎಂದಿದ್ದರು. ಎರಡೂ ಕೈಯ ಕೆಲಸ ನನ್ನದೇ ಆಯಿತು. ಅವರು ಕುರ್ಚಿಯಲ್ಲಿ ಕೂತು ಕೇಳುವರು. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಿಸುವರು. ಪದದ ನಡುವೆ ಸ್ವರ ಸ್ವಲ್ಪ ಕೆಳಗೆ ಜಾರಿ ಮತ್ತೆ ಏಳುವ ಜಾಗ ಅದು. "ಅಲ್ಲಿ ಅಮ್ಮ ಬಗ್ಗಿದಲ್ಲಿಂದ ಒಮ್ಮೆ ಸೊಂಟ ನೇರ ಮಾಡ್ತಿದ್ದಳು. ನೀನು ಮಾಡುವುದಿಲ್ಲ" ಎನ್ನುವರು. ಎಷ್ಟು ನುಡಿಸಿದರೂ ನನಗೆ ಅದು ಬರುತ್ತಿರಲಿಲ್ಲ. ಎರಡೂ ಕೈ ಸೋತು ಕೂತವರ ಕಿವಿಯನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದು ಹೋಗಿತ್ತೆಂದು ನಾನು ಹೇಳುವುದಿಲ್ಲ.

ಕಳೆದ ವರ್ಷ ಮಳೆ ಶುರುವಾಗುವ ಮೊದಲು ಹೋಗಿದ್ದೆ. ಆಗ ಅವರ ಮಾತು ಬಹಳ ಮೆತ್ತಗಾಗಿತ್ತು, ಹತ್ತಿರ ಬಗ್ಗಿ ಕೇಳಬೇಕಿತ್ತು. ನಾನು ಪದವನ್ನು ಪೂರ್ತಿ ನುಡಿಸಿದೆ. ಆ ಜಾಗ ಬಂದಾಗ ಅವರು ನಿಲ್ಲಿಸಲಿಲ್ಲ. ಮುಗಿದ ಮೇಲೆ, "ಸರಿಯಾಯಿತಾ ಭಾವ?" ಎಂದು ಕೇಳಿದೆ.

"ತಪ್ಪಿದ್ದೀ" ಎಂದರು. ನನ್ನನ್ನು ಹತ್ತಿರ ಕರೆದು, "ಆದರೂ ಇವತ್ತು ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಯಿತು ಮಾರಾಯ" ಎಂದರು.

ಎಷ್ಟೋ ವರ್ಷ ನಾನು ಒಳಗೊಳಗೇ ಕಾಯುತ್ತಿದ್ದ ಮಾತು ಅದು. ಕಿವಿಗೆ ಬಿದ್ದಾಗ, ಅವರು ಅದನ್ನು ವಾಪಸು ತೆಗೆದುಕೊಳ್ಳಬಾರದೇ ಎನಿಸಿತು. ನಾನು ಗಿಟಾರನ್ನು ಪೆಟ್ಟಿಗೆಗೆ ಹಾಕುವ ನೆಪದಲ್ಲಿ ಬಗ್ಗಿ ಕೂತೆ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಅವರಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಹತ್ತನೆಯ ದಿನ ಬೆಳಿಗ್ಗೆ ಅಕ್ಕನೂ ನಾನೂ ಹತ್ತಿರ ಇರುವಾಗಲೇ ಹೋದರು.

ಈಗಲೂ ದಿನಾ ನುಡಿಸುತ್ತೇನೆ. ಇನ್ನೂ ನಾಲ್ಕು ಪದ ಕಲಿತಿದ್ದೇನೆ, ನರಿಕೊಂಬಿನ ಹಳೆಯ ಹೆಂಗಸರನ್ನು ಕೇಳಿ ಕೇಳಿ. ಕೇಳಿದವರು ಚೆನ್ನಾಗಿ ನುಡಿಸುತ್ತೀಯೆಂದು ಹೇಳುತ್ತಾರೆ. ಆದರೆ ಭಾವನ ಅಮ್ಮನ ಪದದಲ್ಲಿ ಆ ಒಂದು ಜಾಗ ಇವತ್ತಿನವರೆಗೂ ಸರಿಯಾಗಲಿಲ್ಲ. ಒಂದೂವರೆ ವರ್ಷ ಅವರ ಎಡಗೈ ನನ್ನ ಕಣ್ಣೆದುರೇ ಇತ್ತು. ಆ ಜಾಗಕ್ಕೆ ಬಂದಾಗ ಬೆರಳನ್ನು ಎಲ್ಲಿಡುತ್ತಿದ್ದರು, ಹೇಗೆ ಜಾರಿಸುತ್ತಿದ್ದರು ಎಂದು ಒಮ್ಮೆ ನೋಡಿದ್ದರೆ ಸಾಕಿತ್ತು. ನಾನು ನನ್ನ ಬಲಗೈಯನ್ನೇ ನೋಡುತ್ತಿದ್ದೆ.